ಎಲೆಯದು, ತೊಗಟೆಯದು

ಮಾರ್ಚ್ 3, ಸೋಮವಾರ

ಪೊಟ್ಯಾಶ್‌ನಲ್ಲಿ ನೆನೆಸಿಟ್ಟ ಹುಳಗಳು ಬೆಳಿಗ್ಗೆ ಹೊತ್ತಿಗೆ ತಿಳಿಯಾಗಿದ್ದವು. ಒಳಗಿನದನ್ನೆಲ್ಲ ಸೂಜಿಯ ಬೆನ್ನಿನಿಂದ ಮೆಲ್ಲಗೆ ಒತ್ತಿ ತೆಗೆದೆ. ನೀರು, ಕೆಂಪು ಬಣ್ಣ, ಆಲ್ಕೋಹಾಲ್, ಲವಂಗದೆಣ್ಣೆ. ಕೊನೆಗೆ ಗಾಜಿನ ಮೇಲೆ ಕೂರಿಸಿ ಅಂಟಿಗೆ ಒಂದು ಹನಿ ಬಾಲ್ಸಂ, ಮೇಲೆ ತೆಳು ಗಾಜಿನ ಕವರ್‌ಸ್ಲಿಪ್. ಎರಡು ಹರಿದವು. ಉಳಿದವು ಓವನ್ನಿಗೆ.

ಸಂಜೆ ಲಿಫ್ಟ್‌ನಲ್ಲಿ ಕೆಳಗಿನ ಮನೆಯಾಕೆ ಸಿಕ್ಕಳು. ಕೈಯಲ್ಲಿ ಹೂಕುಂಡ. "ನೀವು ಹುಳದ ಡಾಕ್ಟರಂತೆ. ಇದಕ್ಕೇನೋ ಹುರುಕು ಹತ್ತಿದೆ, ನೋಡಿ." ನೋಡಿದೆ. ಹುರುಕಲ್ಲ, ಶಲ್ಕ ಕೀಟ, ನಾವು ಸ್ಕೇಲ್ ಅಂತೀವಿ ಅಂದೆ. ನಂಬಲಿಲ್ಲ. "ಅಲ್ಲಾಡೋದೇ ಇಲ್ವಲ್ಲ?" ಇಲ್ಲ. ಹುಟ್ಟಿದ ಮರಿಗೆ ಒಂದೆರಡು ದಿನ ಕಾಲಿರುತ್ತೆ. ಅಷ್ಟರಲ್ಲಿ ಜಾಗ ಹುಡುಕಿ ಬಾಯಿ ಚುಚ್ಚಿ ಕೂತರೆ ಮುಗಿಯಿತು. ಕಾಲು ಹೋಗುತ್ತೆ, ಮೇಲೆ ಚಿಪ್ಪು ಬೆಳೆಯುತ್ತೆ. ಹೆಣ್ಣಾದರೆ ಸಾಯೋ ತನಕ ಅಲ್ಲೇ. ಆಕೆ ಸ್ವಲ್ಪ ಯೋಚಿಸಿ, "ನಮ್ಮತ್ತೆ ಸೋಫಾ ಮೇಲೆ ಕೂತ ಹಾಗೆ" ಅಂದಳು.

ಅಮ್ಮ ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು. "ಬಂತಪ್ಪ ಲವಂಗದ ಡಬ್ಬಿ." ಅಪ್ಪನಿಗೂ ಹೀಗೇ ಅನ್ನುತ್ತಿದ್ದಳು. ಅಪ್ಪ ಹೋಗಿ ವರ್ಷಗಳಾದವು. ವಾಸನೆ ಮಾತ್ರ ಮನೆ ಬಿಟ್ಟಿಲ್ಲ.

ಮಾರ್ಚ್ 5, ಬುಧವಾರ

ಪೇಪರ್ ಮುಕ್ಕಾಲು ಆಯ್ತು. ಒಂದು ಜೀನಸ್, ಅಂದರೆ ಹುಳದ ಒಂದು ಕುಲ, ಅದರಲ್ಲಿರುವ ಅಷ್ಟೂ ಪ್ರಭೇದ ಮತ್ತೆ ಮೊದಲಿಂದ ನೋಡುವುದು. ಯಾವುದು ಬೇರೆ, ಯಾವುದು ಒಂದೇ, ಯಾವುದಕ್ಕೆ ಯಾವ ಹೆಸರು. ಉಳಿದದ್ದೆಲ್ಲ ಸಲೀಸು. ಸಿಕ್ಕಿಕೊಂಡಿರುವುದು ಎರಡರಲ್ಲಿ — ಎಲೆಯದು, ತೊಗಟೆಯದು.

ಎರಡನ್ನೂ ಕಂಡುಹಿಡಿದವರು ದೊಡ್ಡ ಸಾರ್. ನನಗೆ ಈ ವಿದ್ಯೆ ಕಲಿಸಿದವರು. ಒಂದೇ ಲೇಖನದಲ್ಲಿ ಎರಡೂ ಬಂದವು. ಎಲೆ ಮೇಲಿನದಕ್ಕೆ ಹೆಂಡತಿಯ ಹೆಸರಿಟ್ಟರು. ತೊಗಟೆ ಮೇಲಿನದಕ್ಕೆ ತಮ್ಮ ಲ್ಯಾಬಿನಲ್ಲಿ ಸ್ಲೈಡ್ ಮಾಡುತ್ತಿದ್ದವರ ಹೆಸರಿಟ್ಟರು. ಸ್ಲೈಡ್ ಮಾಡುತ್ತಿದ್ದವರು ನನ್ನಪ್ಪ.

ಆ ಪುಟಕ್ಕೆ ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದೆ ಅಮ್ಮನ ಸರ್ಕಾರ. ಬಂದವರಿಗೆಲ್ಲ ತೋರಿಸುತ್ತಾಳೆ. "ನಮ್ಮ ಯಜಮಾನರ ಹೆಸರಿನ ಹುಳ. ಪ್ರಪಂಚದಲ್ಲೆಲ್ಲ ಇದೇ ಹೆಸರು." ಫ್ರಿಜ್ ರಿಪೇರಿಗೆ ಬಂದವನೂ ಕೈಯೊರೆಸಿಕೊಂಡು ನೋಡಿ ಹೋಗಿದ್ದಾನೆ.

ಗುರುತು ಇರುವುದು ಬಾಲದ ಅಂಚಿನಲ್ಲಿ, ಹಲ್ಲಿನಂತೆ ಚಾಚಿದ ಹಾಲೆಗಳಲ್ಲಿ. ತೊಗಟೆಯದರಲ್ಲಿ ನಡುವಿನ ಎರಡು ಹಾಲೆ ಗಿಡ್ಡ, ದಪ್ಪ, ಒತ್ತಿಕೊಂಡಂತೆ. ಎಲೆಯದರಲ್ಲಿ ಬಿರಿದು, ಒಳಕ್ಕೆ ಸರಿದು. ಎಷ್ಟು ಸ್ಪಷ್ಟ ಅಂದರೆ ಹೊಸಬರಿಗೆ ಪಾಠ ಮಾಡಲು ಇದನ್ನೇ ತೆಗೆದುಕೊಳ್ಳುತ್ತೇವೆ.

ಇವತ್ತು ಎಲೆಯ ತೊಟ್ಟಿನ ಮೇಲೆ ಕೂತಿದ್ದ ಒಂದನ್ನು ನೋಡಿದೆ. ಹಾಲೆ ಅತ್ತಲೂ ಅಲ್ಲ, ಇತ್ತಲೂ ಅಲ್ಲ. ನಡುವೆ.

ಮೂರು ಸಲ ನೋಡಿದೆ. ಆಮೇಲೆ ದೀಪ ಆರಿಸಿದೆ. ಎರಡೂ ಒಂದೇ ಆಗಿದ್ದರೆ ಒಂದು ಹೆಸರು ಬೀಳಬೇಕು.

ಮಾರ್ಚ್ 8, ಶನಿವಾರ

ರಜೆ. ಆದರೂ ಹೋದೆ. ಹಿಂದಿನ ಕಾಂಪೌಂಡಿನಲ್ಲಿರುವ, ಆಲದ ಜಾತಿಯ ಫೈಕಸ್ ಮರದ ತೊಗಟೆಯಿಂದ ಮೊಟ್ಟೆ ಇಟ್ಟಿದ್ದ ಹೆಣ್ಣುಗಳನ್ನು ತಂದು ಇಟ್ಟಿದ್ದೆ. ಮೊಟ್ಟೆ ಒಡೆದು ಮರಿ ಬಂದಿವೆ. ಹಳದಿ ಚುಕ್ಕಿ, ಓಡಾಟವೋ ಓಡಾಟ. ಕಣ್ರೆಪ್ಪೆಯಷ್ಟು ಸಣ್ಣ ಬ್ರಶ್‌ನಲ್ಲಿ ಎತ್ತಿ ಕುಂಡದ ಸಸಿಗಳಿಗೆ ಬಿಟ್ಟೆ. ಅರ್ಧ ಎಲೆಗೆ, ಅರ್ಧ ಕಾಂಡಕ್ಕೆ. ನಡುವೆ ಗ್ರೀಸ್ ಪಟ್ಟಿ, ಗಡಿ ದಾಟಬಾರದು ಅಂತ. ತಾಯಿ ಒಂದೇ, ಜಾಗ ಬೇರೆ.

ಬೇರೆ ಪ್ರಭೇದವೇ ಆಗಿದ್ದರೆ ಎಲೆ ಮೇಲೆ ಕೂತರೂ ತೊಗಟೆಯದರ ಹಾಗೇ ಬೆಳೆಯಬೇಕು. ಬೆಳೆಯಲಿ ಅಂತ ಆಸೆ. ವಿಜ್ಞಾನಿಗೆ ಆಸೆ ಇರಬಾರದಂತೆ. ಇದೆ.

ಮಾರ್ಚ್ 21, ಶುಕ್ರವಾರ

ಎಂದಿನಂತೆ ದೊಡ್ಡ ಸಾರ್ ಮನೆ. ಕಿಟಕಿ ಪಕ್ಕದ ಕುರ್ಚಿ. ಅವರ ಕಣ್ಣಿಗೆ ಈಗ ನಡುಭಾಗ ಕಾಣುವುದಿಲ್ಲ, ಸುತ್ತಲಿನದು ಅಷ್ಟಿಷ್ಟು. "ಜೀವನಪೂರ್ತಿ ಹುಳದ ಅಂಚು ನೋಡಿದವನಿಗೆ ಅಂಚು ಮಾತ್ರ ಉಳಿಸಿದ್ದಾನೆ ನೋಡಮ್ಮ, ಮೇಲಿನವನ ಲೆಕ್ಕ ಕರೆಕ್ಟಾಗಿದೆ" ಅಂದರು.

ಟೀಚರಮ್ಮ — ಅವರ ಹೆಂಡತಿ, ಹೈಸ್ಕೂಲಿನಲ್ಲಿ ನನಗೂ ಗಣಿತ ಹೇಳಿದವರು — ಕಾಫಿ ತಂದರು. "ಏನೇ, ಮುಖ ಯಾಕೆ ಪರೀಕ್ಷೆ ಫೇಲಾದವರ ಹಾಗಿದೆ?" ಏನಿಲ್ಲ ಅಂದೆ. ಹೇಳಲಿಲ್ಲ. ಫಲಿತಾಂಶ ಬಾರದ ಸುದ್ದಿಯನ್ನು ಹೇಗೆ ಹೇಳುವುದು.

ಮೇ 2, ಶುಕ್ರವಾರ

ಎಲೆಗೆ ಬಿಟ್ಟ ಮರಿಗಳೆಲ್ಲ ಬಲಿತು ಈ ವಾರ ಗಾಜಿಗೆ ಏರಿದವು. ಅವೆಲ್ಲದರ ಹಾಲೆಯೂ ಬಿರಿದಿವೆ. ಕಾಂಡಕ್ಕೆ ಬಿಟ್ಟವಕ್ಕೆ ಗಿಡ್ಡ, ದಪ್ಪ, ಒತ್ತು.

ಒಂದೇ ತಾಯಿಯ ಮಕ್ಕಳು. ಎರಡಲ್ಲ. ಯಾವತ್ತೂ ಎರಡಾಗಿರಲಿಲ್ಲ. ಕೂತ ಜಾಗದ ಹಾಗೆ ರೂಪ.

ಇವತ್ತು ಸಾರ್ ಮನೆಗೆ ಹೋಗಲಿಲ್ಲ. ನೆಗಡಿ ಅಂತ ಫೋನ್ ಮಾಡಿದೆ.

ಮೇ 5, ಸೋಮವಾರ

ಮಹಡಿಯಲ್ಲಿ ಡಿಎನ್ಎ ಲ್ಯಾಬ್ ಇಟ್ಟುಕೊಂಡವನನ್ನು ನಾವೆಲ್ಲ ಮೇಲ್ಮನೆ ಅಂತ ಕರೆಯುವುದು. ಕೆಳಗೆ ನಾವು ಏನು ಪಾಸ್ ಮಾಡಿದರೂ ಅವನ ಅಂಗೀಕಾರ ಬೇಕು. ಎಲೆಯದರ, ತೊಗಟೆಯದರ ಸ್ಯಾಂಪಲ್ ಕೊಟ್ಟಿದ್ದೆ. ಇವತ್ತು ಪ್ರಿಂಟ್‌ಔಟ್ ಬೀಸುತ್ತಾ ಇಳಿದು ಬಂದ.

"ಸರ್ವಾನುಮತ. ಒಂದೇ."

ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದ. "ಹಾಗಾದ್ರೆ ಯಾವ ಹೆಸರು ಉಳಿಯುತ್ತೆ? ಮೊದಲು ಬಂದದ್ದು ತಾನೆ?"

ಅದೇ ತಕರಾರು. ಹಳೆಯದು ಉಳಿಯುತ್ತೆ, ಹೊಸದು ಬೀಳುತ್ತೆ — ಅದು ನಿಯಮ. ಆದರೆ ಈ ಎರಡೂ ಒಂದೇ ದಿನ, ಒಂದೇ ಲೇಖನದಲ್ಲಿ ಬಂದವು. ಪುಟದ ಹಿಂದುಮುಂದು ಲೆಕ್ಕಕ್ಕಿಲ್ಲ. ಅಂಥ ಕಡೆ, ಎರಡೂ ಒಂದೇ ಅಂತ ಮೊದಲು ಬರೆದು ಪ್ರಕಟಿಸುವವರು ಯಾವುದನ್ನು ಆರಿಸುತ್ತಾರೋ ಅದು. ಮುಂದೆ ಎಲ್ಲರೂ ಒಪ್ಪಬೇಕು.

"ಅಂದ್ರೆ ನೀವೇ."

ನಾನೇ.

"ಅಪ್ಪನ ಹೆಸರು ಉಳಿಸಿದ್ರೆ ಸ್ವಜನಪಕ್ಷಪಾತ, ಬೀಳಿಸಿದ್ರೆ ಪಿತೃದ್ರೋಹ. ಪೇಪರಿನವರಿಗೆ ಎರಡೂ ಹೆಡ್‌ಲೈನೇ" ಅಂದ. ನಗಿಸಲು ಹೇಳಿದ್ದು. ನಕ್ಕೆ.

ಮೇ 9, ಶುಕ್ರವಾರ

ಹೇಳಿಬಿಟ್ಟೆ.

ದೊಡ್ಡ ಸಾರ್ ಕುರ್ಚಿ ನನ್ನ ಕಡೆ ತಿರುಗಿಸಿಕೊಂಡರು. ಆಮೇಲೆ ಪ್ರಶ್ನೆ ಶುರು. ತಾಯಿ ಎಷ್ಟು? ಗ್ರೀಸ್ ಒಣಗಿರಲಿಲ್ಲ ತಾನೆ? ಸಸಿಯಲ್ಲಿ ಮೊದಲೇ ಹುಳ ಇತ್ತಾ? ಗಾಳಿಗೆ ಮರಿ ಹಾರಿ ಬಂದಿದ್ದರೆ? ಪರೀಕ್ಷಕರ ಮುಂದೆ ನಿಂತ ಹಾಗಾಯ್ತು. ಎಲ್ಲಕ್ಕೂ ಉತ್ತರ ಇತ್ತು. ಕೊನೆಗೆ ಕುರ್ಚಿಗೆ ಒರಗಿ, "ಸರಿಯಾಗಿ ಮಾಡಿದ್ದೀಯ" ಅಂದರು.

"ನಾವು ಮರ ಹತ್ತಿ ಎಲೆ ಕಿತ್ತು ಒಂದು ಲಕೋಟೆಗೆ ಹಾಕ್ತಿದ್ವಿ. ಬುಡದಲ್ಲಿ ತೊಗಟೆ ಕೆತ್ತಿ ಇನ್ನೊಂದಕ್ಕೆ. ಲಕೋಟೆ ಎರಡಾಯ್ತು, ಹುಳಾನೂ ಎರಡಾಯ್ತು. ನಡುವೆ ತೊಟ್ಟು ಅಂತ ಒಂದಿದೆ, ಅದಕ್ಕೆ ಲಕೋಟೆಯೇ ಇರಲಿಲ್ಲ ನೋಡು."

ಇದನ್ನು ಹೇಳುವಾಗ ನಗುತ್ತಿದ್ದರು. ನಗು ನಿಂತ ಮೇಲೆ, "ಯಾವ ಹೆಸರು ಇಡ್ತೀಯ?"

"ಇನ್ನೂ ಗೊತ್ತಿಲ್ಲ ಸಾರ್."

"ಅದು ನಿನ್ನ ಹಕ್ಕು. ನಾನು ಬಾಯಿ ಹಾಕಲ್ಲ."

ಟೀಚರಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ನಂದು ತೆಗೆದು ಬಿಸಾಕೇ. ಕಾಲಿಲ್ಲ, ಕಣ್ಣಿಲ್ಲ, ಕೂತಲ್ಲೇ ಕೂತು ಹೀರೋ ಪ್ರಾಣಿ. ಇದಕ್ಕೆ ನನ್ನ ಹೆಸರೇ ಬೇಕಿತ್ತಾ? ನಾನು ಕೇಳಿದ್ದು ಒಂದು ವಾಚು."

"ವಾಚು ಎಲ್ಲರ ಹೆಂಡಿರಿಗೂ ಇರುತ್ತೆ ಕಣೇ" ಅಂದರು ಸಾರ್.

"ನನಗಿರಲಿಲ್ಲವಲ್ಲ ರೀ."

ಗೇಟಿನ ತನಕ ಬಂದ ಟೀಚರಮ್ಮ ದನಿ ಬದಲಿಸಿದರು. "ಇವರಿಗೆ ಸಂಕಟ ಆಗುತ್ತೆ, ತೋರಿಸಿಕೊಳ್ಳಲ್ಲ. ನನಗೆ ಅಂತ ಕೊಟ್ಟದ್ದು ಅದೊಂದೇ ಅನ್ನೋ ಲೆಕ್ಕ ಇವರದು. ಆದರೂ ನೀನು ನಿಮ್ಮಪ್ಪಂದೇ ಇಡು. ನಾನು ಇನ್ನೂ ಇದ್ದೀನಲ್ಲ, ನನಗ್ಯಾಕೆ ಹೆಸರು."

ಮೇ 14, ಬುಧವಾರ

ಬಾಯಿ ಹಾಕಲ್ಲ ಅಂದವರ ಫೋನು ದಿನಾ ಬರುತ್ತಿದೆ. ಮೊನ್ನೆ ಬಾಲ್ಸಂ ಈಗ ಯಾವ ಕಂಪನಿಯದು ಅಂತ. ನಿನ್ನೆ ನನ್ನ ನೆಗಡಿ ಹೇಗಿದೆ ಅಂತ. ಇವತ್ತು ಏನೂ ನೆಪ ಸಿಗಲಿಲ್ಲ ಅಂತ ಕಾಣುತ್ತೆ. "ನಾನು ಬಾಯಿ ಹಾಕ್ತಿಲ್ಲ ಅಂತ ಹೇಳೋಕೆ ಮಾಡಿದೆ" ಅಂದರು.

ಎರಡೂ ಹೆಸರನ್ನು ನಮ್ಮವರು ಬಿಟ್ಟರೆ ಬಳಸಿದವರು ಕಡಿಮೆ. ಬಳಕೆಯ ಆಧಾರದ ಮೇಲೆ ತೂಗಿದರೆ ತಕ್ಕಡಿ ಅಲುಗುವುದಿಲ್ಲ. ಉಳಿದಿರುವುದು ಟೈಪ್ ಸ್ಲೈಡ್. ಹೆಸರು ಕೊಡುವಾಗ ಇದೇ ಆ ಹುಳ ಅಂತ ಎತ್ತಿಟ್ಟ ಒಂದು. ಮುಂದೆ ಜಗಳ ಬಂದರೆ ಅದೇ ಸಾಕ್ಷಿ. ಎರಡೂ ದೂರದ ದೊಡ್ಡ ಮ್ಯೂಸಿಯಮ್ಮಿನಲ್ಲಿವೆ. ಎರವಲಿಗೆ ಬರೆದು ತಿಂಗಳುಗಳಾದವು. ಇಷ್ಟು ದಿನ ಸಾರ್ ಬರೆದ ಚಿತ್ರ ಇಟ್ಟುಕೊಂಡೇ ಕೆಲಸ.

ಇಲ್ಲಿ ಯಾರೂ ಓದುವುದಿಲ್ಲ, ಆದ್ದರಿಂದ ಬರೆಯುತ್ತೇನೆ. ಅಪ್ಪನ ಹೆಸರೇ ಇಡಬೇಕು ಅನ್ನಿಸಿದೆ. ಈಗ ಅದಕ್ಕೆ ಕಾರಣ ಹುಡುಕುತ್ತಿದ್ದೇನೆ. ಮೊದಲು ತೀರ್ಪು, ಆಮೇಲೆ ಸಾಕ್ಷಿ. ಇದು ಸರಿಯಿಲ್ಲ.

ಮೇ 18, ಭಾನುವಾರ

ಅಮ್ಮನಿಗೆ ಹೇಳಿದೆ. ಬಟ್ಟೆ ಮಡಿಸುತ್ತಿದ್ದಳು. ಹೊರಗಿನವರ ಬಾಯಲ್ಲಿ ಕೇಳುವುದಕ್ಕಿಂತ ನಾನೇ ಹೇಳುವುದು ವಾಸಿ ಅಂತ.

"ಅಂದ್ರೆ ಇವರ ಹೆಸರು ಇಲ್ಲ ಅಂತಾಗುತ್ತಾ?"

"ಆಗಬಹುದು. ಇಲ್ಲ ಅಂತಲ್ಲ ಅಮ್ಮ. ಅಳಿಸೋಕೆ ಬರಲ್ಲ. ಉಳಿದ ಹೆಸರಿನ ಕೆಳಗೆ ಸಣ್ಣದಾಗಿ ಇದನ್ನೂ ಬರೀತಾರೆ, ಯಾವಾಗಲೂ."

"ಬಾಡಿಗೆಯವರ ಹಾಗೆ."

ಒಂದು ಟವೆಲ್ ಎತ್ತಿ ಅವಳ ಕೈಗೆ ಕೊಟ್ಟೆ.

"ಅದನ್ನ ಯಾರು ಹೇಳೋರು? ದೊಡ್ಡ ಸಾರಾ?"

"ನಾನು."

"ನೀನಾ?" ಅಂದಳು. ಟವೆಲ್ ಮಡಿಸಿದಳು. ಬಿಚ್ಚಿದಳು. ಮತ್ತೆ ಮಡಿಸಿದಳು. ಆಮೇಲೆ ಎದ್ದು ಹೋಗಿ ಫ್ರೇಮಿನ ಗಾಜು ಒರೆಸಿದಳು. ನಿನ್ನೆಯೇ ಒರೆಸಿದ್ದಳು.

ಮೇ 29, ಗುರುವಾರ

ಇಷ್ಟು ದಿನ ಬರೆಯಲು ಏನಿತ್ತು. ಮನೆಯಲ್ಲಿ ಮಾತು ಅಂದರೆ "ಊಟ", "ಹಾಲು", "ಕೀ ತಗೊಂಡ್ಯಾ". ಲವಂಗದ ಡಬ್ಬಿ ಅನ್ನುವುದೂ ನಿಂತಿದೆ.

ಪಾರ್ಸೆಲ್ ಬಂತು. ಹತ್ತಿಯೊಳಗೆ ಡಬ್ಬಿ, ಡಬ್ಬಿಯೊಳಗೆ ಎರಡು ಸ್ಲೈಡ್. ಲೇಬಲ್ ಮೇಲೆ ಸಾರ್ ಅಕ್ಷರ. ಕೂರಿಸಿದ್ದು ಎರಡೂ ಅಪ್ಪ.

ಟೀಚರಮ್ಮನ ಹೆಸರಿನದು ಮೊದಲು. ಏನು ಹೇಳಲಿ. ಇಷ್ಟು ವರ್ಷ ಆದರೂ ನಿನ್ನೆ ಮಾಡಿದ ಹಾಗಿದೆ. ಹುಳ ನಟ್ಟನಡುವೆ, ನೇರ. ಬಣ್ಣ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಂಚಿನ ಒಂದೊಂದು ಮುಳ್ಳೂ ಎಣಿಸಬಹುದು. ಅಪ್ಪನ ಕೈ ಅಂದರೆ ಅದು.

ಆಮೇಲೆ ಅಪ್ಪನ ಹೆಸರಿನದು.

ಸ್ಲೈಡ್ ತಪ್ಪಾಗಿ ಬಂದಿದೆ ಅಂತ ಲೇಬಲ್ ಮತ್ತೆ ಓದಿದೆ. ಅದೇ. ಹುಳ ಓರೆಯಾಗಿದೆ. ಬಾಲದ ಎಡ ಅಂಚು ಹರಿದು ಮಡಚಿದೆ. ನಡುವಿನ ಎಡ ಹಾಲೆಯ ಮೇಲೆ ಸರಿಯಾಗಿ ಒಂದು ಗಾಳಿಗುಳ್ಳೆ. ಹೊಸದಾಗಿ ಕಲಿಯುವವರು ಮಾಡುವ ಸ್ಲೈಡ್. ಚಿತ್ರದಲ್ಲಿ ಇದು ಗೊತ್ತಾಗುವುದೇ ಇಲ್ಲ. ನಮ್ಮ ಚಿತ್ರದ ಪದ್ಧತಿಯೇ ಹಾಗೆ, ಒಂದು ಅರ್ಧ ಬೆನ್ನು, ಇನ್ನೊಂದು ಅರ್ಧ ಹೊಟ್ಟೆ. ಚೆನ್ನಾಗಿದ್ದ ಬಲಭಾಗ ನೋಡಿ ಸಾರ್ ಎರಡೂ ಅರ್ಧ ಬರೆದಿದ್ದಾರೆ. ಅದೇ ಹುಳದ ಉಳಿದ ಸ್ಲೈಡುಗಳು ಯಾರಿಗೋ ಎರವಲು ಹೋಗಿ ವಾಪಸ್ ಬಂದಿಲ್ಲ.

ಯಾವುದು ಒಳ್ಳೆಯ ಸಾಕ್ಷಿ ಅನ್ನುವುದಕ್ಕೆ ಇನ್ನು ವಾದ ಇಲ್ಲ. ನಾನು ಹುಡುಕುತ್ತಿದ್ದ ಕಾರಣ ಸಿಕ್ಕಿತು. ಇನ್ನೊಂದು ಹೆಸರಿನ ಕಡೆಗೆ.

ಆದರೆ ಯಾಕೆ? ಅಪ್ಪ ಕೂರಿಸಿದ ಸ್ಲೈಡು ಈ ಲ್ಯಾಬಿನಲ್ಲಿ ಕಪಾಟು ತುಂಬಾ ಇವೆ. ಇಂಥದ್ದು ಇನ್ನೊಂದಿಲ್ಲ.

ಜೂನ್ 1, ಭಾನುವಾರ

ಬೆಳಿಗ್ಗೆ ಅಡುಗೆಮನೆಯಲ್ಲಿ ಅಮ್ಮನ ಪಕ್ಕ ನಿಂತೆ. ಅವಳು ತರಕಾರಿ ಹೆಚ್ಚುತ್ತಿದ್ದಳು. ಸ್ಲೈಡಿನ ವಿಷಯ ಹೇಳಿದೆ. ಓರೆ, ಹರಿದದ್ದು, ಗುಳ್ಳೆ, ಎಲ್ಲ. ಕೋಪ ಮಾಡಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಚಾಕು ಕೆಳಗಿಟ್ಟಳು.

"ಅದಾ," ಅಂದಳು. "ಅವತ್ತು ಊಟ ಮಾಡಲಿಲ್ಲ ಇವರು."

ಅವತ್ತು ದೊಡ್ಡ ಸಾರ್ ಅಪ್ಪನನ್ನು ಕರೆದು, ಈ ಹೊಸ ಹುಳಕ್ಕೆ ನಿಮ್ಮ ಹೆಸರು ಇಡ್ತಿದ್ದೀನಿ, ಟೈಪ್ ನೀವೇ ಕೂರಿಸಬೇಕು ಅಂದರಂತೆ. ಅಪ್ಪ ಸರಿ ಅಂದರಂತೆ. ಅಷ್ಟೇ.

"ಮನೆಗೆ ಬಂದು ಲೋಟ ಹಿಡಿದರೆ ನೀರು ಚೆಲ್ಲಿತು. ಏನ್ರೀ ಅಂದೆ. 'ಇವತ್ತು ಕೈ ನನ್ನ ಮಾತು ಕೇಳಲಿಲ್ಲ ಕಣೇ' ಅಂದ್ರು. ಹಾಳಾಯ್ತಂತೆ. ಹಾಗಾದ್ರೆ ನಾಳೆ ಇನ್ನೊಂದು ಮಾಡಿ ಅಂದೆ. 'ನನ್ನ ಹೆಸರಿಂದು ಅಂತ ನಾನೇ ಹೋಗಿ ಇನ್ನೊಂದು ಹುಳ ಕೇಳಲಾ? ಬೇರೆಯವರದಾಗಿದ್ರೆ ಕೇಳ್ತಿದ್ದೆ' ಅಂದ್ರು. ರಾತ್ರಿಯೆಲ್ಲ ಮಗ್ಗುಲು ಬದಲಿಸಿದ್ರು."

ಕುಕ್ಕರ್ ಕೂಗಿತು. ಅಮ್ಮ ಉರಿ ಸಣ್ಣ ಮಾಡಿದಳು.

"ಆ ಇನ್ನೊಂದು, ಟೀಚರಮ್ಮಂದು, ಚೆನ್ನಾಗಿದೆಯಾ?"

"ತುಂಬಾ ಚೆನ್ನಾಗಿದೆ."

"ಅದನ್ನ ಮಾಡಿದ್ದು?"

"ಅಪ್ಪನೇ."

"ಮತ್ತೆ!" ಅಂದಳು, ಏನೋ ಗೆದ್ದವಳ ಹಾಗೆ. "ಚೆನ್ನಾಗಿರೋದನ್ನೇ ಇಡು. ಅದೂ ಇವರದೇ ತಾನೆ." ಚಾಕು ಮತ್ತೆ ಕೈಗೆ ತಗೊಂಡಳು. ಸ್ವಲ್ಪ ಹೊತ್ತಾದ ಮೇಲೆ, ನನ್ನ ಕಡೆ ತಿರುಗದೆ, "ಫ್ರೇಮ್ ಮಾತ್ರ ನಾನು ತೆಗೆಯಲ್ಲ" ಅಂದಳು.

ತೆಗೆಯಬೇಡ ಅಂದೆ.

ಮಧ್ಯಾಹ್ನ ಕೂತು ಆ ಸಾಲು ಬರೆದೆ. ಎರಡೂ ಒಂದೇ, ಎಲೆಯದರ ಹೆಸರನ್ನು ಆರಿಸಲಾಗಿದೆ, ಕಾರಣ, ಅದರ ಟೈಪ್ ಸುಸ್ಥಿತಿಯಲ್ಲಿದೆ. ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ, ಅಪ್ಪ.

ಜೂನ್ 6, ಶುಕ್ರವಾರ

ಸಾರ್‌ಗೆ ಓದಿ ಹೇಳಿದೆ. ಟೈಪ್ ಸುಸ್ಥಿತಿ ಅನ್ನುವ ಕಡೆ ಕೈಯೆತ್ತಿ ನಿಲ್ಲಿಸಿದರು.

"ಗುಳ್ಳೆ ಹಾಗೇ ಇದೆಯಾ?"

"ನಿಮಗೆ ಗೊತ್ತಿತ್ತಾ ಸಾರ್?"

"ಕಣ್ಣು ಆಗ ಚೆನ್ನಾಗಿತ್ತಲ್ಲಮ್ಮ." ತಡೆದು ತಡೆದು ಹೇಳಿದರು. "ಇನ್ನೊಂದು ಮಾಡಿಸೋಣ ಅಂತ ಹೋದೆ. ಅವರ ಮುಖ ನೋಡಿದೆ. ಬಾಯಿ ಬರಲಿಲ್ಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಬಲಗಡೆ ಚೆನ್ನಾಗಿದೆ, ಅಷ್ಟು ಸಾಕು ಅಂದುಕೊಂಡೆ."

ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟು ಕೊಟ್ಟು ಒಂದು ಸ್ಲೈಡ್ ಹಾಳಾಗಿ ಉಳಿಯಿತು.

ಟೀಚರಮ್ಮನಿಗೆ ನಿಜವಾಗಿ ಸಿಟ್ಟು. "ನಿಮ್ಮಪ್ಪಂದು ಇಡು ಅಂತ ಎಷ್ಟು ಸಲ ಹೇಳಿದೆ? ನಿನಗೆ ಲೆಕ್ಕ ಹೇಳಿದ್ದು ದಂಡ." ಎದ್ದು ಒಳಗೆ ಹೋದರು. ಹತ್ತಿರದ ಕೋಣೆಯಿಂದ ದನಿ ಕೇಳಿಸಿತು, ತಂಗಿಗೆ ಫೋನ್. "ಹೂಂ ಕಣೇ, ನನ್ನದೇ ಉಳೀತಂತೆ… ಅಯ್ಯೋ ನಾನೆಲ್ಲಿ ಕೇಳಿದೆ… ಇನ್ಮೇಲೆ ತೊಗಟೆಯದಕ್ಕೂ ನಂದೇ ಅಂತೆ."

ಸಾರ್ ಕಿಟಕಿ ಕಡೆ ಮುಖ ಮಾಡಿಕೊಂಡು ಕೇಳಿಸಿಕೊಳ್ಳುತ್ತಿದ್ದರು. ನಗುತ್ತಿದ್ದಾರೆ ಅಂತ ಭುಜದಿಂದ ಗೊತ್ತಾಯ್ತು.

ಜೂನ್ 20, ಶುಕ್ರವಾರ

ಸ್ಲೈಡ್ ನಾಳೆ ವಾಪಸ್ ಕಳಿಸಬೇಕು. ತಿಂಡಿ ತಿನ್ನುವಾಗ ಅಮ್ಮನಿಗೆ ಹೇಳಿದೆ, ಸುಮ್ಮನೆ. ನಾನು ಹೊರಡುವ ಹೊತ್ತಿಗೆ ಅಮ್ಮ ಒಳ್ಳೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಅಪ್ಪ ಅಷ್ಟು ವರ್ಷ ದುಡಿದ ಜಾಗ. ಅವಳು ಒಂದು ಸಲವೂ ಒಳಗೆ ಬಂದಿರಲಿಲ್ಲ. ಬಸ್ಸಿನಲ್ಲಿ ಬಂದೆವು. ಕಾರಿಡಾರಿನಲ್ಲಿ ಮೂಗು ಎಳೆದಳು. "ಇಲ್ಲಿಂದ ಬರುತ್ತಾ ಇದು!" ಮೂಗು ಮುಚ್ಚಿಕೊಳ್ಳಲಿಲ್ಲ. ಇನ್ನೊಂದು ಸಲ ಎಳೆದುಕೊಂಡಳು.

ಮೇಲ್ಮನೆ ಇಳಿದು ಬಂದು ಕುರ್ಚಿ ಎಳೆದುಕೊಟ್ಟ. "ಬನ್ನಿ ಅಮ್ಮ, ನಿಮ್ಮ ಮಗಳು ನಮ್ಮನ್ನೆಲ್ಲ ಹೆದರಿಸಿ ಇಟ್ಟಿದ್ದಾರೆ." "ನನ್ನನ್ನೂ ಅಷ್ಟೇ" ಅಂದಳು ಅಮ್ಮ.

ಒಳ್ಳೆಯ ಸ್ಲೈಡನ್ನೇ ಮೊದಲು ಮೈಕ್ರೋಸ್ಕೋಪಿಗೆ ಇಟ್ಟೆ. ಅಮ್ಮ ಒಂದು ಗಳಿಗೆ ನೋಡಿ, ಚೆನ್ನಾಗಿದೆ ಅಂದಳು, ಬೇರೆಯವರ ಮಗುವಿಗೆ ಅನ್ನುವ ಹಾಗೆ. "ಇವರದು ಎಲ್ಲಿ?"

ಬದಲಿಸಿದೆ. ಕನ್ನಡಕ ತೆಗೆದು ಕಣ್ಣಿಟ್ಟಳು. ಚಕ್ರ ಹೇಗೆ ತಿರುಗಿಸುವುದು ಅಂತ ಅವಳ ಬೆರಳು ಹಿಡಿದು ತೋರಿಸಿದೆ. ಮೊದಲು ಏನೂ ಕಾಣುತ್ತಿಲ್ಲ ಅಂದಳು. ಆಮೇಲೆ ಮಂಜು ಮಂಜು ಅಂದಳು. ಆಮೇಲೆ ಚಕ್ರ ತಾನೇ ತಿರುಗಿಸತೊಡಗಿದಳು.

ಬಾಲದ ಅಂಚಿನಲ್ಲಿ ಗುಂಡಗೆ, ಹೊಳೀತಾ ಇದೆಯಲ್ಲ, ಅದೇ ಗುಳ್ಳೆ ಅಮ್ಮ, ಅಂದೆ. ಕಾಣಿಸ್ತಾ?

"ಶ್… ಸುಮ್ಮನಿರು. ಕೈ ಅಲ್ಲಾಡಿದ್ದು ಕಾಣ್ತಿದೆ." ಕಣ್ಣು ತೆಗೆಯದೆ ನನ್ನ ಮಣಿಕಟ್ಟು ಹಿಡಿದುಕೊಂಡಳು. ಅಪ್ಪನ ಸ್ಲೈಡ್ ನೋಡಿ ಮುಗಿಯುವ ತನಕ ಬಿಡಲಿಲ್ಲ.